ಗುಳ್ಳೆ ನೋಡುವವನು

ಟೇಬಲ್ಲಿನ ಮೇಲೆ ಹೊನ್ನೂರಸಾಬ,
ತೋರಣಗಲ್ಲು ಕ್ರಾಸಿನ ಪಂಕ್ಚರ್ ಅಂಗಡಿಯವನು.
ಪಿತ್ತಕೋಶದಲ್ಲಿ ಮೂರು ಕಲ್ಲು.
"ಅದಿರಲ್ಲ ತಾನೇ? ಆದ್ರ ಪರ್ಮಿಟ್ ಬೇಕಾಕ್ಕೈತ್ರಿ" ಎಂದು
ಸರ್ಜನ್ನನ್ನು ನಗಿಸಿದ್ದನಂತೆ.

ಉಗುರಿನಲ್ಲಿ ಇನ್ನೂ ಟೈರಿನ ಕಪ್ಪು.
ಬೆರಳಿಗೆ ಕಚ್ಚಿಸಿದ ಯಂತ್ರ ಎರಡು ಸಲ ತಡವರಿಸಿತು.
ಸ್ಪಿರಿಟ್ಟಿನಲ್ಲಿ ಒರೆಸಿದೆ.
ತೊಂಬತ್ತಾರು.

ತಲೆಯ ಕಡೆ ನಿಲ್ಲುವವಳು ನಾನು.
ರೋಗಿಗಳಿಗೆ ನನ್ನ ಮುಖ ತಲೆಕೆಳಗಾಗಿಯೇ ಪರಿಚಯ,
ಎದ್ದ ಮೇಲೆ ಅದೂ ಇಲ್ಲ.
ಕೊಯ್ದವರ ಹೆಸರು ಊರಿಗೆಲ್ಲ ಗೊತ್ತು,
ಉಸಿರು ಕಾದವಳು ಬರೀ "ಮತ್ತಿನ ಡಾಕ್ಟ್ರಮ್ಮ".

ಮಾಸ್ಕು ಇಟ್ಟೆ.
"ಇದು ಮತ್ತಲ್ಲ, ಆಕ್ಸಿಜನ್ನು. ಮೂರು ನಿಮಿಷ.
ಸುಮ್ಮನೆ ಉಸಿರಾಡಿ."
"ಗಾಳಿ ಇಲ್ಲೇ ಐತಲ್ರೀ ಮೇಡಂ, ಪುಕ್ಕಟೆ?"
ಇದರಲ್ಲಿ ಐದಕ್ಕೆ ಒಂದೇ ಪಾಲು, ಎಂದೆ,
ಮಿಕ್ಕದ್ದು ಜಾಗ ಹಿಡಿದು ಕೂತದ್ದು, ಅದನ್ನು ಎಬ್ಬಿಸಬೇಕು.
ಔಷಧಿ ಬಿಟ್ಟ ಮೇಲೆ ನಿಮ್ಮ ಎದೆ ತಾನಾಗಿ ಏಳುವುದಿಲ್ಲ,
ನಾನು ಗಂಟಲಿಗೆ ಕೊಳವೆ ಇಳಿಸುವವರೆಗೆ
ಒಳಗೆ ಇಟ್ಟದ್ದೇ ಬುತ್ತಿ.

ಯೋಚಿಸಿದ.
"ಸ್ಟೆಪ್ನಿ" ಎಂದ, ಮಾಸ್ಕಿನೊಳಗಿಂದ.

ಯಾವ ಪ್ರೊಫೆಸರೂ ನನಗೆ
ಇಷ್ಟು ಚಿಕ್ಕದಾಗಿ ಹೇಳಿಕೊಟ್ಟಿರಲಿಲ್ಲ.

ಆಮೇಲೆ ಕಣ್ಣು ಕಿರಿದು ಮಾಡಿ
ಎಡಗೆನ್ನೆಯ ಕಡೆ ಬೆರಳು ತೋರಿಸಿದ:
"ಲೀಕ್ ಐತ್ರಿ."

ಹೌದು. ಚೀಲ ಜೋತು ಬಿದ್ದಿದೆ.
ಗಡ್ಡದ ಸಂದಿಯಿಂದ ಸುಯ್ಯೆಂದು ಸೋರುತ್ತಿದೆ,
ಏಸಿಯ ಸದ್ದಿನಲ್ಲಿ ನನಗೆ ಕೇಳದ್ದು ಅವನಿಗೆ ಕೇಳಿದೆ.
ಕೆಂಧೂಳು ಕದಡಿದ ಟಬ್ಬಿನ ನೀರಿನಲ್ಲಿ ಟ್ಯೂಬು ಮುಳುಗಿಸಿ
ಗುಳ್ಳೆ ಎದ್ದಲ್ಲಿ ಹೆಬ್ಬೆರಳು ಒತ್ತಿ
ಮೂವತ್ತು ವರ್ಷ ಉಂಡವನು.

ಗಡ್ಡಕ್ಕೆ ಜೆಲ್ಲಿ ಸವರಿದೆ, ಅವನು ಸೊಲ್ಯೂಷನ್ ಹಚ್ಚುವ ಹಾಗೆ.
ತಲೆಯ ಕಡೆ ಟೇಬಲ್ಲು ಎತ್ತಿಸಿ
ಎರಡೂ ಕೈಯಲ್ಲಿ ದವಡೆ ಹಿಡಿದೆ.
ಚೀಲ ಉಬ್ಬಿತು. ಕುಗ್ಗಿತು. ಉಬ್ಬಿತು.
ಗಡಿಯಾರವನ್ನು ಮೊದಲಿನಿಂದ ಎಣಿಸತೊಡಗಿದೆ.

"ಆಯ್ತಾ ಮೇಡಂ?" ಕೈ ತೊಳೆಯುತ್ತ ಸರ್ಜನ್.
ಲಿಸ್ಟಿನಲ್ಲಿ ಇನ್ನೂ ಐದು.
"ಇಲ್ಲ."

ಈ ಒಂದು ಇಲ್ಲ ಕಲಿಯುವ ಮೊದಲು
ಒಬ್ಬ ಹುಡುಗಿಯನ್ನು ನೀಲಿ ಮಾಡಿದ್ದೇನೆ.
ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವವಳು,
ರಾತ್ರಿ ಎರಡು ಗಂಟೆ, ಅಪೆಂಡಿಕ್ಸು,
ಎಲ್ಲರಿಗೂ ನಿದ್ದೆಯ ಅವಸರ.
ನಾಲ್ಕೇ ಉಸಿರಿಗೆ ಸಾಕೆಂದು ಔಷಧಿ ಬಿಟ್ಟೆ.
ಮಾನಿಟರಿನ ಸ್ವರ ಕತ್ತಲಲ್ಲಿ ಮೆಟ್ಟಿಲು ಇಳಿದ ಹಾಗೆ ಇಳಿಯಿತು.
ದಿನವೂ ಬಟ್ಟೆಯಿಂದ ಅಂಗೈಗೆ ಹತ್ತುವ ಬಣ್ಣ
ಅವಳ ತುಟಿಗೆ ಬಂತು.
ಬದುಕಿದಳು.
ವಾರದ ಮೇಲೆ ಮೋಸಂಬಿ ತಂದು ಕಾಲಿಗೆ ಬಿದ್ದಳು.
ನಾನು ಹೇಳಲಿಲ್ಲ.
ಮೋಸಂಬಿ ತಿಂದೆ.

ತೊಂಬತ್ತೊಂಬತ್ತು. ನೂರು.
ಹೊರಗೆ ಬಿಡುವ ಉಸಿರಿನಲ್ಲೂ ತೊಂಬತ್ತು ದಾಟಿತು.
"ನಿಮ್ಮ ಆಕ್ಸಿಜನ್ ಟ್ಯಾಂಕರ್ ಟೈರಿಗೆ
ನಾನಾ ಒಂದ್ ಸಲ ಪ್ಯಾಚು..."
ಹಾಲಿನಂಥ ಔಷಧಿ ನರಕ್ಕಿಳಿದು
ಮಾತು ಅಲ್ಲೇ ಉಳಿಯಿತು.
ಎದೆ ನಿಂತಿತು.

ಗಿಡ್ಡ ಕುತ್ತಿಗೆ, ದಪ್ಪ ನಾಲಿಗೆ.
ಮೊದಲ ಸಲ ದಾರಿ ಕಾಣಲಿಲ್ಲ.
ಹೊರಗೆ ತೆಗೆದೆ, ಬ್ಲೇಡು ಬದಲಿಸಿದೆ,
ಸಿಸ್ಟರ್ ಎಸ್ತರಮ್ಮ ಕೇಳದೆಯೇ ಗಂಟಲು ಒತ್ತಿ ಹಿಡಿದಳು.
ಒಂದು ನಿಮಿಷ. ಒಂದೂವರೆ.
ಸ್ವರ ಒಂದು ಮೆಟ್ಟಿಲೂ ಇಳಿಯಲಿಲ್ಲ.
ಯಾರೂ ಕೂಗಲಿಲ್ಲ, ಯಾರೂ ಓಡಲಿಲ್ಲ.
ಕೊಳವೆ ಒಳಗೆ ಹೋಯಿತು.
ಕೇಸ್ ಶೀಟಿನಲ್ಲಿ ಅದಕ್ಕೊಂದು ಸಾಲು.

ಸಂಜೆ ವಾರ್ಡಿನಲ್ಲಿ ಹೊಟ್ಟೆ ಹಿಡಿದು ಕೂತಿದ್ದ.
ನನ್ನ ಗುರುತು ಸಿಗಲಿಲ್ಲ.
ಮಗನಿಗೆ ಹೇಳುತ್ತಿದ್ದ:
"ಗಡ್ಡಕ್ಕ ಏನೋ ಜಿಗುಟು ಹಚ್ಯಾರ ನೋಡಲೇ,
ತೊಳದ್ರೂ ಹೋಗವಲ್ದು."